ಟೈರ್ ಸುಟ್ಟಿದ್ದು ಸಾಕು, ಟೈರ್ ಹಾಕುವುದನ್ನು ಕಲಿಯಿರಿ!

ಬಂದ್ ದಿನ ನಾಲ್ಕು ರಸ್ತೆ ಕೂಡುವಲ್ಲಿ ಹಳೇ ಟೈರ್ ತಂದು ಹಾಕಿ ಬೆಂಕಿ ಕೊಟ್ಟರೆ ಅರ್ಧ ಗಂಟೆ ಚೆನ್ನಾಗಿ ಉರಿಯುತ್ತದೆ. ಕಪ್ಪು ಹೊಗೆ ಏಳುತ್ತದೆ, ಫೋಟೋಗೂ ಚೆನ್ನಾಗಿ ಬರುತ್ತದೆ. ಕನ್ನಡ ಚಳವಳಿಯಲ್ಲಿ ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಒಂದು ಪ್ರಶ್ನೆ ಕೇಳುತ್ತೇವೆ, ಉತ್ತರ ಹೇಳಿ. ಹೀಗೆ ಟೈರ್ ಸುಡುವ ಹುಡುಗರಲ್ಲಿ ಅದೇ ಟೈರನ್ನು ರಿಮ್ಮಿನಿಂದ ಬಿಚ್ಚಿ, ಮತ್ತೆ ಕೂರಿಸಿ, ಸರಿಯಾದ ಗಾಳಿ ಹೊಡೆದು, ಗಾಡಿಗೆ ಹಾಕಿಕೊಡಬಲ್ಲವರು ಎಷ್ಟು ಜನ?

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅಭಿಮಾನದ ಬಗ್ಗೆ ನಮಗೆ ಅನುಮಾನವಿಲ್ಲ. ಅನುಮಾನ ಇರುವುದು ನಿಮ್ಮ ಜೇಬಿನ ಬಗ್ಗೆ! ಡಾ. ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದು ಅಂದಿನಿಂದ ಕೂಗುತ್ತಲೇ ಇದ್ದೇವೆ, ಕೂಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಡುವವರ ಬಾಗಿಲ ಮುಂದೆ ನಿಂತು ಕೂಗುವಾಗ ಯಾರೂ ಕೊಡಬೇಕಾಗಿಲ್ಲದ ಕೆಲಸವೊಂದು ನಮ್ಮ ಬೆನ್ನ ಹಿಂದೆಯೇ ಹಾದುಹೋಗುತ್ತಿದೆ. ಅದೂ ವ್ಯಾನಿನಲ್ಲಿ, ಕಂಪ್ರೆಸರ್ ಇಟ್ಟುಕೊಂಡು!

ಮನೆ ಬಾಗಿಲಿಗೆ, ಆಫೀಸಿನ ಪಾರ್ಕಿಂಗಿಗೆ ಬಂದು ಟೈರ್ ಬದಲಾಯಿಸಿ ಕೊಡುವ ಕಸುಬಿನ ಮಾತು ಹೇಳುತ್ತಿದ್ದೇವೆ. ಇಂಗ್ಲೆಂಡಿನಲ್ಲಿ ಇದು ಹಳೆಯದು. ವ್ಯಾನಿನೊಳಗೇ ಟೈರ್ ಬಿಚ್ಚುವ ಯಂತ್ರ, ಬ್ಯಾಲೆನ್ಸಿಂಗ್ ಯಂತ್ರ, ಕಂಪ್ರೆಸರ್, ಅದಕ್ಕೆ ಬೇಕಾದ ಕರೆಂಟು ಎಲ್ಲವೂ ಇರುತ್ತದೆ. ಫೋನ್ ಮಾಡಿದರೆ ಮನೆ ಮುಂದೆ ಬಂದು ಜಾಕ್ ಏರಿಸುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಈಗ ಅದೇ ಕಾಲ ಬಂದಿದೆ. ಬೈಕಿನಲ್ಲಿ ಬಂದು ಪಂಕ್ಚರ್ ಹಾಕಿಹೋಗುವವರು ಇದ್ದಾರೆ, ಹೊಸ ಟೈರ್ ತಂದು ತೊಡಿಸಿ ಹಳೆಯದನ್ನು ಒಯ್ಯುವ ವ್ಯಾನುಗಳೂ ಇವೆ.

ಬರದೆ ಇರುತ್ತದೆಯೇ? ಈ ಊರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ವರ್ಷಗಳಾದವು. ಜೆ.ಸಿ. ರಸ್ತೆಯ ಟೈರ್ ಅಂಗಡಿಗೆ ಒಂದು ಕಾರು ತೆಗೆದುಕೊಂಡು ಹೋಗಿ, ಜಾಗ ಸಿಗದೆ ಎರಡು ಸುತ್ತು ಹಾಕಿ, ಸರದಿ ಕಾದು, ಟೈರ್ ಹಾಕಿಸಿಕೊಂಡು ಹಿಂತಿರುಗುವ ಹೊತ್ತಿಗೆ ಅರ್ಧ ದಿನ ಮಣ್ಣು. ಅದೇ ಕಾರು ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಆಫೀಸಿನ ನೆಲಮಾಳಿಗೆಯಲ್ಲಿ ದಿನಕ್ಕೆ ಎಂಟು ಗಂಟೆ ಸುಮ್ಮನೆ ನಿಂತಿರುತ್ತದೆ. ಕೆಲಸ ಮಾಡಿಕೊಡುವವನು ಅಲ್ಲಿಗೇ ಹೋದರೆ ಮಾಲೀಕ ಕುರ್ಚಿಯಿಂದ ಏಳಬೇಕಾಗಿಲ್ಲ.

ಇನ್ನೊಂದು ಕಾರಣ ಸರ್ಕಾರದ ನಿಯಮ. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ಒಂದು ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರ್, ಗಾಳಿ ಎಷ್ಟಿದೆ ಎಂದು ತೋರಿಸುವ ಸೆನ್ಸರ್ ವ್ಯವಸ್ಥೆ, ಪಂಕ್ಚರ್ ರಿಪೇರಿ ಕಿಟ್, ಇವು ಮೂರೂ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಇಡಲೇಬೇಕು ಎಂಬ ಕಡ್ಡಾಯವಿಲ್ಲ. ಈಗ ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಡಿಕ್ಕಿ ತೆಗೆದರೆ ಐದನೇ ಚಕ್ರವೇ ಇಲ್ಲ, ಒಂದು ಬಾಟಲಿ ಅಂಟು, ಬೆಂಕಿಪೊಟ್ಟಣದಂಥ ಪಂಪು ಅಷ್ಟೆ. ಮೊಳೆ ಚುಚ್ಚಿದ್ದರೆ ಅಂಟು ಹಿಡಿದೀತು. ಹೊಂಡಕ್ಕೆ ಬಿದ್ದು ಟೈರಿನ ಪಕ್ಕ ಸೀಳಿಹೋದರೆ? ನಮ್ಮ ಊರಿನಲ್ಲಿ ಹೊಂಡಕ್ಕೆ ಬರವೇ? ಆಗ ಯಾರನ್ನಾದರೂ ಕರೆಯಲೇಬೇಕು.

(ಮಧ್ಯೆ ಒಂದು ಮಾತು. ಸ್ಟೆಪ್ನಿ ಎನ್ನುವುದು ಕನ್ನಡವಲ್ಲ ಎಂದು ಮೂಗು ಮುರಿಯುವ ಶುದ್ಧ ಕನ್ನಡಿಗರಿಗೆ ಹೇಳಬೇಕು, ಅದೀಗ ಇಂಗ್ಲಿಷರದ್ದೂ ಅಲ್ಲ! ವೇಲ್ಸ್ ದೇಶದ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು 1904ರ ಸುಮಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಬೀದಿಯ ಹೆಸರು ಚಕ್ರಕ್ಕೆ ಬಂತು. ಅಲ್ಲಿಯ ಜನ ಆ ಪದವನ್ನು ಮರೆತರು, ನಮ್ಮ ಲಾರಿ ಡ್ರೈವರುಗಳು ಉಳಿಸಿಕೊಂಡರು. ನೂರು ವರ್ಷ ನಮ್ಮ ರಸ್ತೆಯಲ್ಲಿ ಉರುಳಿದ ಪದ ನಮ್ಮದೇ.)

ಹೊರ ವರ್ತುಲ ರಸ್ತೆಯ ಮೊಳೆ ಕಥೆ ನಿಮಗೆ ನೆನಪಿರಬಹುದು. 2014-15ರ ಹೊತ್ತಿಗೆ ಅಲ್ಲಿ ದಿನಾ ಪಂಕ್ಚರ್ ಆಗಿ ಬೇಸತ್ತ ಎಂಜಿನಿಯರೊಬ್ಬರು ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ರಸ್ತೆಯಲ್ಲಿ ಮೊಳೆ ಹೆಕ್ಕಲು ಹೊರಟರು. ಕೆಲವೇ ತಿಂಗಳಲ್ಲಿ ಸಿಕ್ಕಿದ್ದು ಹತ್ತಾರು ಕೆ.ಜಿ. ಮೊಳೆ! ಪಂಕ್ಚರ್ ಅಂಗಡಿಯವರೇ ಎಸೆಯುತ್ತಾರೆ ಎಂಬ ಗುಮಾನಿ ಊರೆಲ್ಲ ಹಬ್ಬಿತು. ಯಾರೋ ನಾಲ್ಕು ಜನ ಮಾಡಿದ ಕೆಲಸಕ್ಕೆ ಇಡೀ ಕಸುಬಿಗೆ ಮಸಿ. ಅಂದಿನಿಂದ ಜನಕ್ಕೆ ರಸ್ತೆ ಬದಿಯ ಪಂಕ್ಚರ್ ಅಂಗಡಿ ಎಂದರೆ ಒಂದು ಅನುಮಾನ. ಮನೆಗೇ ಬರುವವನ ಹೆಸರು, ಫೋನ್ ನಂಬರು, ಬಿಲ್ಲು ಎಲ್ಲ ಗಿರಾಕಿ ಕೈಯಲ್ಲಿರುತ್ತದೆ. ನಂಬಿಕೆಯ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಯಾವುದು?

ಹಾಗಾದರೆ ಈ ಗಳಿಗೆ ಯಾರ ಪಾಲಾಗುತ್ತಿದೆ? ಆ್ಯಪ್ ಕಂಪನಿಗಳ ಪಾಲಾಗುತ್ತಿದೆ. ಅವರ ಆ್ಯಪ್ ತೆಗೆದರೆ ಮೊದಲು ಇಂಗ್ಲಿಷ್, ಫೋನ್ ಮಾಡಿದರೆ ಹಿಂದಿ. ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು ನಾವು ಬೀದಿಗಿಳಿದೆವು, 2024ರಲ್ಲಿ ವಿಧಾನಮಂಡಲದಲ್ಲಿ ತಿದ್ದುಪಡಿಯೂ ಆಯಿತು. ಸಂತೋಷ. ಆದರೆ ಚಕ್ರದ ಮೇಲೆ ಓಡಾಡುವ ಈ ಹೊಸ ಅಂಗಡಿಗೆ ಬೋರ್ಡೇ ಇಲ್ಲವಲ್ಲ! ಅದರ ಬೋರ್ಡು ಇರುವುದು ನಿಮ್ಮ ಅಂಗೈಯ ಫೋನಿನಲ್ಲಿ. ಏಣಿ ಹಾಕಿ ಮಸಿ ಬಳಿಯಲು ಆಗುವುದಿಲ್ಲ.

ಇಲ್ಲಿ ಭಾಷೆ ಬರೀ ಅಭಿಮಾನದ ಪ್ರಶ್ನೆಯೂ ಅಲ್ಲ, ಪ್ರಾಣದ ಪ್ರಶ್ನೆ. ಟೈರ್ ಹಾಕಿದವನು ಹೊರಡುವಾಗ ಹೇಳಬೇಕಾದ ಮಾತು ಒಂದಿದೆ: ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ ಬಿಗಿ ಇದೆಯೇ ಎಂದು ಒಮ್ಮೆ ನೋಡಿಸಿ. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು, ಬಂದವನಿಗೆ ಕನ್ನಡ ಬಾರದು, ಅಮ್ಮನಿಗೆ ಹಿಂದಿ ಬಾರದು. ಆ ಮಾತು ಯಾರ ಕಿವಿಗೂ ಬೀಳದೆ ಗಾಡಿ ಮೈಸೂರು ಹೆದ್ದಾರಿ ಹತ್ತಿದರೆ? ಗಿರಾಕಿಗೆ ತನ್ನ ಭಾಷೆಯಲ್ಲಿ ವಿಷಯ ತಿಳಿಯುವ ಹಕ್ಕು ಎಂದರೆ ಇದೇ. ಕಂಪನಿಗಳು ಆ್ಯಪ್‌ನಲ್ಲಿ ಕನ್ನಡ ಹಾಕಲಿ, ಕಾಲ್ ಸೆಂಟರಿನಲ್ಲಿ ಕನ್ನಡ ಬರುವವರನ್ನು ಕೂರಿಸಲಿ, ಮನೆಗೆ ಕಳಿಸುವ ಕೆಲಸಗಾರನಿಗೆ ಹತ್ತು ವಾಕ್ಯವಾದರೂ ಕನ್ನಡ ಕಲಿಸಲಿ. ಇದನ್ನು ಕೇಳುವುದು ನಮ್ಮ ಹಕ್ಕು, ಕೇಳಿಯೇ ತೀರುತ್ತೇವೆ.

ಆದರೆ ಹೊರಗಿನಿಂದ ಬಂದು ಕೆಲಸ ಮಾಡುವವನನ್ನು ಬೈಯಬೇಡಿ. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಮಂಡಿಯೂರಿ ಕುಳಿತು ನಟ್ ಬಿಚ್ಚುವವನು ಯಾರ ಅನ್ನವನ್ನೂ ಕಸಿದಿಲ್ಲ. ನಾವು ಬೇಡವೆಂದ ತಟ್ಟೆಯಲ್ಲಿ ಅವನು ಉಂಡ, ಅಷ್ಟೆ. "ಪಂಕ್ಚರ್ ಹಾಕಕ್ಕೆ ಡಿಗ್ರಿ ಮಾಡಿದ್ದಾ?" ಎಂದು ಕೇಳುವ ಬಂಧು ಬಳಗ ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದ್ದಾರೆ. ಅದೇ ಬಂಧುಗಳು ಗಾಡಿ ದಾರಿಯಲ್ಲಿ ನಿಂತಾಗ ಮಾತ್ರ ಬಂದವನನ್ನು ದೇವರು ಬಂದ ಹಾಗೆ ಬಂದಿರಪ್ಪಾ ಎನ್ನುತ್ತಾರೆ! ಪ್ರೆಸ್ಸಿನ ಮಸಿಯಲ್ಲಿ ಕೈಯಿಟ್ಟು ಬದುಕಿದ ನಮಗೆ ಈ ಮಾತು ಹೊಸದಲ್ಲ. ಉಗುರಿನ ಸಂದಿನ ಮಸಿ ನೋಡಿ ಹೆಣ್ಣು ಕೊಡಲು ಹಿಂದೆ ಮುಂದೆ ನೋಡಿದವರು ನಮ್ಮ ಕಸುಬಿನಲ್ಲೂ ಉಂಟು.

ಈಗ ಕಸುಬಿನ ವಿಷಯಕ್ಕೆ ಬನ್ನಿ. ಇದು ತಾಕತ್ತಿನ ಕೆಲಸ, ಬುದ್ಧಿ ಬೇಡ ಎಂದುಕೊಂಡವರು ಒಂದು ಟೈರಿನ ಪಕ್ಕದಲ್ಲಿ ಕುಳಿತು ಅದರ ಮೇಲಿನ ಅಕ್ಷರ ಓದಿ. 165/80 ಆರ್ 14 85 ಟಿ ಎಂದಿದೆ ಎನ್ನೋಣ. 165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕದ ಎತ್ತರ ಆ ಅಗಲದ ಶೇಕಡಾ 80. ಆರ್ ಎಂದರೆ ರೇಡಿಯಲ್, 14 ಎಂದರೆ ರಿಮ್ ಹದಿನಾಲ್ಕು ಇಂಚು. 85 ಎಂಬುದು ಭಾರದ ಗುರುತು, ಆ ಟೈರ್ 515 ಕೆ.ಜಿ. ಹೊರುತ್ತದೆ. ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ ತಡೆಯುತ್ತದೆ. ಹೀಗೆ ಒಂದು ಸಾಲಿನಲ್ಲಿ ಇಡೀ ಜಾತಕ! ಇನ್ನೊಂದು ಕಡೆ ಸಣ್ಣ ಚೌಕದೊಳಗೆ ನಾಲ್ಕು ಅಂಕೆ ಇರುತ್ತದೆ. 3522 ಎಂದಿದ್ದರೆ 2022ನೇ ಇಸವಿಯ 35ನೇ ವಾರದಲ್ಲಿ ಹುಟ್ಟಿದ ಟೈರ್. ಮೂರ್ನಾಲ್ಕು ವರ್ಷ ಗೋದಾಮಿನಲ್ಲಿ ಕೊಳೆತದ್ದನ್ನು ಹೊಸದು ಎಂದು ಮಾರುವವರು ಇದ್ದಾರೆ. ಗಿರಾಕಿಗೆ ಆ ಅಂಕೆಯನ್ನು ಬೆರಳಿಟ್ಟು ತೋರಿಸುವ ಹುಡುಗನನ್ನು ಗಿರಾಕಿ ಜನ್ಮದಲ್ಲಿ ಬಿಡುವುದಿಲ್ಲ.

ಟೈರಿನ ಬಟನ್ ಎಷ್ಟು ಸವೆದಿದೆ ಎಂದು ನೋಡಬೇಕು. ಕಾರಿಗೆ 1.6 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ನಿಯಮದ ಪ್ರಕಾರ ಅದು ರಸ್ತೆಗೆ ಲಾಯಕ್ಕಲ್ಲ. ಬಟನಿನ ಸಂದಿನಲ್ಲಿ ಸಣ್ಣ ದಿಣ್ಣೆಗಳನ್ನು ಕಂಪನಿಯವರೇ ಇಟ್ಟಿರುತ್ತಾರೆ, ರಬ್ಬರ್ ಸವೆದು ಆ ದಿಣ್ಣೆಯ ಸಮಕ್ಕೆ ಬಂತೆಂದರೆ ಟೈರಿನ ಕಾಲ ಮುಗಿಯಿತು. ಎರಡೇ ಹೊಸ ಟೈರ್ ಹಾಕುವುದಾದರೆ ಹಿಂದಕ್ಕೆ ಹಾಕಬೇಕು. ಹತ್ತಕ್ಕೆ ಒಂಬತ್ತು ಜನ ಮುಂದಕ್ಕೆ ಹಾಕಿ ಎನ್ನುತ್ತಾರೆ. ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ, ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಇದನ್ನು ಗಿರಾಕಿಗೆ ಕನ್ನಡದಲ್ಲಿ ಎರಡು ಮಾತಿನಲ್ಲಿ ಬಿಡಿಸಿ ಹೇಳಬಲ್ಲವನು ಬೇಕು.

ಇನ್ನು ಪಂಕ್ಚರ್. ಮೊಳೆ ಕಿತ್ತು ಹೊರಗಿನಿಂದ ಅಂಟಿನ ಸ್ಟ್ರಿಪ್ ತುರುಕುವುದು ಐದು ನಿಮಿಷದ ಕೆಲಸ. ಸರಿಯಾದ ಕೆಲಸ ಎಂದರೆ ಟೈರ್ ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕುವುದು. ಬಿಚ್ಚಿದರೆ ಇನ್ನೊಂದು ಲಾಭ: ಗಾಳಿ ಇಲ್ಲದೆ ಗಾಡಿ ಓಡಿಸಿದ್ದರೆ ಒಳಗಿನ ಪಕ್ಕ ಪುಡಿಪುಡಿಯಾಗಿರುತ್ತದೆ, ಹೊರಗಿನಿಂದ ಗೊತ್ತೇ ಆಗದು. ಪಕ್ಕದಲ್ಲಿ ತೂತಾದ ಟೈರಿಗೆ ರಿಪೇರಿ ಇಲ್ಲ. ಇನ್ನೂರು ರೂಪಾಯಿ ಆಸೆಗೆ ಹಾಕಿಕೊಡಬಾರದು, ಗಿರಾಕಿ ಗೋಗರೆದರೂ ಕೂಡದು.

ನಟ್ ಬಿಗಿ ಮಾಡುವುದನ್ನು ನಮ್ಮ ರಸ್ತೆಗಳಲ್ಲಿ ನೋಡಿದ್ದೀರಿ. ಪಾನಾ ಹಾಕಿ ಅದರ ಮೇಲೆ ಹತ್ತಿ ನಿಂತು ಜಿಗಿಯುತ್ತಾರೆ! ಸ್ಟಡ್ ಮುರಿದರೂ ಮುರಿಯಿತು. ಮುರಿಯದಿದ್ದರೆ ನಡುರಾತ್ರಿ ಹೆದ್ದಾರಿಯಲ್ಲಿ ಆ ನಟ್ ಬಿಚ್ಚಲು ಹೋದ ಹೆಣ್ಣುಮಗಳ ಗತಿ ಏನು? ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಒಂದರ ಪಕ್ಕ ಒಂದಲ್ಲ, ಒಂದರ ಎದುರಿನದು ಎಂಬ ಲೆಕ್ಕದಲ್ಲಿ ಬಿಗಿ ಮಾಡಬೇಕು. ಗಾಡಿ ನೆಲಕ್ಕಿಳಿದ ಮೇಲೆ ಟಾರ್ಕ್ ರೆಂಚ್ ಹಾಕಿ ಮುಗಿಸಬೇಕು. ಸಣ್ಣ ಕಾರಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು, ಆದರೆ ಆ ಗಾಡಿಯ ಪುಸ್ತಕದಲ್ಲಿ ಬರೆದದ್ದೇ ಅಂತಿಮ. ಗಾಳಿಯೂ ಹಾಗೆಯೇ. ಎಲ್ಲಕ್ಕೂ 35 ಎಂದು ಹೊಡೆಯುವಂತಿಲ್ಲ, ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಅದನ್ನು ಓದಬೇಕು.

ಅಂಗಡಿಯಲ್ಲಿ ನೆಲ ಸಮವಾಗಿರುತ್ತದೆ. ಗಿರಾಕಿಯ ಮನೆ ಮುಂದೆ ಹಾಗಿರುವುದಿಲ್ಲ. ಇಳಿಜಾರು ಇರುತ್ತದೆ, ಚರಂಡಿ ಕಲ್ಲು ಅಲುಗಾಡುತ್ತದೆ, ಮಳೆಗೆ ಮಣ್ಣು ಮೆತ್ತಗಾಗಿರುತ್ತದೆ. ಜಾಕ್ ಜಾರಿದರೆ ಒಂದು ಟನ್ ಕಬ್ಬಿಣ ಮೈಮೇಲೆ. ಹ್ಯಾಂಡ್ ಬ್ರೇಕ್, ಎದುರಿನ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ, ಜಾಕಿನ ಜೊತೆಗೆ ಸ್ಟ್ಯಾಂಡ್, ಇವಿಲ್ಲದೆ ಗಾಡಿ ಎತ್ತಬೇಡಿ. ಗಾಡಿಯ ಕೆಳಗೆ ತಲೆ ಹಾಕಲೇಬೇಡಿ. ಎಲೆಕ್ಟ್ರಿಕ್ ಕಾರಿನ ಹೊಟ್ಟೆಯ ತುಂಬ ಬ್ಯಾಟರಿ ಇರುತ್ತದೆ, ಕಂಪನಿ ಗುರುತು ಮಾಡಿದ ಜಾಗ ಬಿಟ್ಟು ಬೇರೆಡೆ ಜಾಕ್ ಕೊಟ್ಟರೆ ಲಕ್ಷಗಟ್ಟಲೆ ನಷ್ಟ. ಇಳಿಜಾರಿನಲ್ಲಿ ಗಾಡಿ ನಿಂತಿದ್ದರೆ "ಇಲ್ಲಿ ಮಾಡಲ್ಲ ಸಾರ್, ಆ ಕಡೆ ತಳ್ಳಿಸಿ" ಎಂದು ಹೇಳುವ ಧೈರ್ಯ ಬೇಕು. ವ್ಹೀಲ್ ಅಲೈನ್‌ಮೆಂಟ್ ಸಾಮಾನ್ಯವಾಗಿ ಮನೆ ಮುಂದೆ ಆಗುವ ಕೆಲಸವಲ್ಲ, ಅದಕ್ಕೆ ಅಂಗಡಿಗೇ ಹೋಗಬೇಕು ಎಂದೂ ಬಾಯಿಬಿಟ್ಟು ಹೇಳಬೇಕು.

ಇದನ್ನೆಲ್ಲ ಎಲ್ಲಿ ಕಲಿಯುವುದು? ಐ.ಟಿ.ಐ.ನಲ್ಲಿ ಮೋಟಾರ್ ಮೆಕ್ಯಾನಿಕ್ ಮಾಡಿದವರಿಗೆ ಅರ್ಧ ದಾರಿ ಸವೆದಿದೆ. ಕೇಂದ್ರ ಸರ್ಕಾರದ ಕೌಶಲ ತರಬೇತಿಯಲ್ಲಿ ಟೈರ್ ಫಿಟ್ಟರ್ ಎಂಬ ಹೆಸರಿನ ಪಾಠವೇ ಇದೆ. ಅದೆಲ್ಲಕ್ಕಿಂತ ಒಳ್ಳೆಯದು ಆರು ತಿಂಗಳು ಒಳ್ಳೆಯ ಟೈರ್ ಅಂಗಡಿಯಲ್ಲಿ ಕೈ ಕಪ್ಪು ಮಾಡಿಕೊಳ್ಳುವುದು. ಬಂಡವಾಳ? ಬೈಕ್ ನಿಮ್ಮದೇ ಇದ್ದರೆ ಸಣ್ಣ ಕಂಪ್ರೆಸರ್, ಜಾಕ್, ರೆಂಚ್, ಪಂಕ್ಚರ್ ಸಾಮಾನಿನಿಂದ ಶುರು ಮಾಡಬಹುದು. 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ಶಿಶು ಸಾಲ 50 ಸಾವಿರದವರೆಗೆ ಸಿಗುತ್ತದೆ. ಆಮೇಲೆ ವ್ಯಾನ್, ಯಂತ್ರ ಎಂದರೆ ಕಿಶೋರ್ ಸಾಲ 5 ಲಕ್ಷದವರೆಗೆ. ಬ್ಯಾಂಕಿಗೆ ಹೋದಾಗ ಅಲ್ಲಿ ಕುಳಿತವನಿಗೆ ಕನ್ನಡ ಬರುವುದಿಲ್ಲ, ಅದು ಬೇರೆ ಕಥೆ. ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ 2020ರಲ್ಲಿ ಹೆಸರು ಕಳೆದುಕೊಂಡವು. ನಮ್ಮ ನೆಲದ ಬ್ಯಾಂಕುಗಳನ್ನು ನುಂಗಿದವರು ನಮ್ಮ ಹುಡುಗನಿಗೆ ಕನ್ನಡದ ಅರ್ಜಿ ಕೊಡಲೂ ಮೀನಮೇಷ ಎಣಿಸುತ್ತಾರೆ. ಹೋಗುವಾಗ ನಾಲ್ಕು ಜನ ಜೊತೆಗೆ ಹೋಗಿ, ಹೋರಾಟಗಾರರು ಅಂತಹ ಕೆಲಸಕ್ಕೆ ತಾನೇ ಇರುವುದು?

ಮೊದಲಿಗೆ ಆ್ಯಪ್ ಕಂಪನಿಯ ಕೈಕೆಳಗೆ ದುಡಿಯಬೇಕಾಗಿ ಬಂದರೆ ದುಡಿಯಿರಿ, ಕಲಿಯಿರಿ. ಆದರೆ ಒಂದು ಕೆಲಸಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ, ಜಾಕ್ ಜಾರಿ ಕೈ ಮುರಿದರೆ ಖರ್ಚು ಯಾರದು ಎಂದು ಮೊದಲೇ ಕೇಳಿ. ಆ್ಯಪ್ ಮೂಲಕ ದುಡಿಯುವವರಿಗಾಗಿ 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಕೆಲಸಗಾರನಿಗೆ ಕೊಡುವ ಹಣದ ಲೆಕ್ಕದ ಮೇಲೆ ಶೇಕಡಾ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕೆಂದು ಅದರಲ್ಲಿದೆ. ನಿಮ್ಮ ಕೆಲಸ ಅದರೊಳಗೆ ಬರುತ್ತದೆಯೇ ಎಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿ, ಬರುವುದಾದರೆ ಹೆಸರು ಬರೆಸಿಕೊಳ್ಳಿ.

ಇತ್ತೀಚೆಗೆ ನಮ್ಮ ಪ್ರೆಸ್ಸಿಗೆ ಮಂಡ್ಯ ಕಡೆಯ ಹುಡುಗನೊಬ್ಬ ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದ. ಮನೆಗೇ ಹೋಗಿ ಟೈರ್ ಹಾಕುತ್ತಾನಂತೆ. ಕಾರ್ಡ್ ಪೂರ್ತಿ ಇಂಗ್ಲಿಷಿನಲ್ಲಿ ಬೇಕು ಎಂದ. "ಯಾಕಪ್ಪಾ?" ಎಂದರೆ, "ಅಪಾರ್ಟ್‌ಮೆಂಟಿನವರು ಇಂಗ್ಲಿಷ್ ಇದ್ರೇನೇ ಕರೀತಾರೆ ಸಾರ್" ಎಂದ. ಅವನ ಹೊಟ್ಟೆಪಾಡು ಅವನಿಗೆ ಗೊತ್ತು, ಅವನನ್ನು ಬೈದು ಏನು ಫಲ? ಮುಂದೆ ಕನ್ನಡ, ಹಿಂದೆ ಇಂಗ್ಲಿಷ್ ಮಾಡಿಕೊಟ್ಟೆವು. ಎರಡನೇ ಸಲ ಬಂದಾಗ ಐನೂರಲ್ಲ, ಸಾವಿರ ಕಾರ್ಡು ಮಾಡಿಸಿದ. ಕನ್ನಡದ ಮುಖ ನೋಡಿ ಓಲಾ, ಊಬರ್ ಡ್ರೈವರುಗಳು, ಆಟೋದವರು, ಅಂಗಡಿಯವರು ಇಟ್ಟುಕೊಳ್ಳುತ್ತಾರಂತೆ, ಬರುವ ಕೆಲಸದಲ್ಲಿ ಅರ್ಧ ಅವರದೇ ಅಂತೆ. ಹಾಗಿರುವಾಗ ಅಪಾರ್ಟ್‌ಮೆಂಟಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ರಾಜ್ಯೋತ್ಸವದ ದಿನ ಬಾಲ್ಕನಿಯಲ್ಲಿ ಬಾವುಟ ಕಟ್ಟುತ್ತೀರಿ, ಒಳ್ಳೆಯದು. ಟೈರ್ ಹೋದ ದಿನ ನಿಮ್ಮ ಫೋನಿನಲ್ಲಿ ಒಬ್ಬ ಕನ್ನಡದ ಹುಡುಗನ ನಂಬರ್ ಇರಲಿ. ಬಂದಾಗ ಕನ್ನಡದಲ್ಲೇ ಮಾತಾಡಿಸಿ, ಹೇಳಿದಷ್ಟು ಹಣ ಕೊಡಿ. ಆ್ಯಪ್‌ನವನಿಗೆ ಚೌಕಾಸಿ ಇಲ್ಲದೆ ಕೊಡುವ ನೀವು ನಮ್ಮ ಹುಡುಗನ ಹತ್ತಿರ ಮಾತ್ರ ಐವತ್ತು ರೂಪಾಯಿಗೆ ಜಗ್ಗಾಡುತ್ತೀರಲ್ಲ, ಏಕೆ?

ಟೈರಿಗೂ ಕನ್ನಡ ನೆಲಕ್ಕೂ ನಂಟಿಲ್ಲ ಎನ್ನಬೇಡಿ. ಮೈಸೂರಿನ ವಿಕ್ರಾಂತ್ ಟೈರ್ಸ್ ಹೆಸರು ನಿಮ್ಮ ಅಪ್ಪಂದಿರಿಗೆ ಗೊತ್ತು. ಕೆ.ಆರ್.ಎಸ್. ರಸ್ತೆಯ ಆ ಕಾರ್ಖಾನೆಯನ್ನು 1997ರಲ್ಲಿ ಜೆ.ಕೆ. ಟೈರ್ ಕಂಪನಿ ಕೊಂಡಿತು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ರಬ್ಬರ್ ಹಾಲು ಇಳಿಯುತ್ತದೆ, ಮೈಸೂರಿನಲ್ಲಿ ಟೈರ್ ಅಚ್ಚಾಗುತ್ತದೆ, ಬೆಂಗಳೂರಿನಲ್ಲಿ ಅದು ಸವೆಯುತ್ತದೆ. ತೊಡಿಸುವ ಕೈ ಮಾತ್ರ ನಮ್ಮದಿಲ್ಲ ಎಂದರೆ ಹೇಗೆ?

ಬಿಚ್ಚಿದ ಹಳೇ ಟೈರಿನ ಮಾತು ಉಳಿಯಿತು. ಗಿರಾಕಿಯ ಮನೆಯಲ್ಲಿ ಬಿಟ್ಟುಬರಬೇಡಿ. ತಾರಸಿಯ ಮೇಲೆ ಹಳೇ ಟೈರ್ ಬಿದ್ದಿದ್ದರೆ ಮಳೆನೀರು ನಿಂತು ಡೆಂಗಿ ಸೊಳ್ಳೆಗೆ ತೊಟ್ಟಿಲಾಗುತ್ತದೆ. 2022ರ ಜುಲೈನ ಕೇಂದ್ರದ ನಿಯಮದಂತೆ ಹಳೇ ಟೈರಿನ ಮರುಬಳಕೆಯ ಹೊಣೆ ಟೈರ್ ತಯಾರಿಸುವ ಕಂಪನಿಗಳ ಮೇಲಿದೆ. ತಂದು ಡೀಲರಿಗೋ ಮರುಬಳಕೆಯವನಿಗೋ ಕೊಡಿ. ಬಂದ್‌ಗೆ ಬೇಕು ಎಂದು ಯಾರಾದರೂ ಬಂದು ಕೇಳಿದರೆ ಇಲ್ಲ ಎನ್ನಿ. ಆ ಹೊಗೆ ದೆಹಲಿಗೆ ಹೋಗುವುದಿಲ್ಲ, ಪಕ್ಕದ ವಠಾರದ ಮಗುವಿನ ಎದೆಗೆ ಹೋಗುತ್ತದೆ.

ಇನ್ನೊಂದು ಸಣ್ಣ ಕೆಲಸ, ನಮ್ಮ ಕಸುಬಿಗೆ ಸೇರಿದ್ದು. ಬಿಲ್ ಪುಸ್ತಕ ಕನ್ನಡದಲ್ಲಿ ಮಾಡಿಸಿ. ಅದರಲ್ಲಿ ಗಾಡಿ ನಂಬರ್, ಓಡಿದ ಕಿಲೋಮೀಟರ್, ಟೈರಿನ ಅಳತೆ, ಹುಟ್ಟಿದ ವಾರ-ವರ್ಷದ ನಾಲ್ಕು ಅಂಕೆ, ಹೊಡೆದ ಗಾಳಿ, ಮತ್ತೆ ನಟ್ ನೋಡಿಸಬೇಕಾದ ಕಿಲೋಮೀಟರ್, ಇಷ್ಟಕ್ಕೂ ಒಂದೊಂದು ಸಾಲು ಬಿಡಿಸಿ. ಎರಡು ಪ್ರತಿ ಇರಲಿ, ಬಿಳಿಯದು ಗಿರಾಕಿಗೆ, ಹಳದಿಯದು ನಿಮಗೆ. ಆರು ತಿಂಗಳಾದ ಮೇಲೆ ಹಳದಿ ಪ್ರತಿ ತೆಗೆದು, "ಸಾರ್, ಟೈರ್ ಅದಲುಬದಲು ಮಾಡೋ ಟೈಮ್ ಆಯ್ತು, ಯಾವತ್ತು ಬರ್ಲಿ?" ಎಂದು ನೀವೇ ಫೋನ್ ಮಾಡಬಹುದು.